ಕಾಣದವರಿಗೆ ಆಟ ಕಾಣಿಸುವ ಕಾಯಕ

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಕ್ರೀಡಾ ದಿನದಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯೊಂದರ ಕ್ರೀಡಾ ದಿನದಂದು ಗೆದ್ದವರನ್ನು ಕೊಂಡಾಡುವುದು ವಾಡಿಕೆ. ಪದಕ ಪಡೆದ ಮಕ್ಕಳಿಗೆ ನಮ್ಮ ಅಭಿನಂದನೆ ಇದ್ದೇ ಇದೆ. ಇಂದು ನಾವು ಓಡದೆ, ಚೆಂಡು ಮುಟ್ಟದೆ, ಆದರೂ ಆಟದ ಜೊತೆಗೇ ಬದುಕಿದ ಒಂದು ಬಗೆಯ ದುಡಿಮೆಗಾರರ ವಿಷಯವಾಗಿ ನಾಲ್ಕು ಮಾತು ಹೇಳಲು ಬಯಸುತ್ತೇವೆ. ಬಾನುಲಿಯಲ್ಲಿ ಆಟವನ್ನು ಮಾತಿನಿಂದ ಕಟ್ಟಿಕೊಟ್ಟವರು ಅವರು. ಕನ್ನಡದಲ್ಲಿ ಈ ಕೆಲಸಕ್ಕೆ ‘ವೀಕ್ಷಕ ವಿವರಣೆ’ ಎಂಬ ಸೊಗಸಾದ ಹೆಸರಿದೆ. ನೋಡುವವನೊಬ್ಬ, ನೋಡಲಾಗದ ಸಾವಿರಾರು ಮಂದಿಗೆ ವಿವರಿಸುವುದು ಎಂಬ ಅರ್ಥ ಆ ಎರಡು ಪದಗಳಲ್ಲೇ ಅಡಗಿದೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಪ್ರತಿ ವರ್ಷ ಜೂನ್ ತಿಂಗಳಿನಲ್ಲಿ ನಮ್ಮ ಕೊಠಡಿಗೆ ವರ್ಗಾವಣೆ ಪತ್ರ ಕೇಳಿಕೊಂಡು ಪೋಷಕರು ಬರುತ್ತಾರೆ. ಮುಜುಗರದಿಂದಲೇ ಮಾತು ಆರಂಭಿಸುತ್ತಾರೆ. “ನಿಮ್ಮ ಶಾಲೆಯಲ್ಲಿ ಕೊರತೆಯೇನೂ ಇಲ್ಲ ಟೀಚರ್, ಆದರೆ ಕನ್ನಡದಲ್ಲಿ ಓದಿ ನಾಳೆ ಮಗು ಏನಾಗುತ್ತದೆ?” ಎನ್ನುತ್ತಾರೆ. ಈ ಪ್ರಶ್ನೆಯನ್ನು ಭಾಷಾಭಿಮಾನದ ಕೊರತೆ ಎಂದು ತಳ್ಳಿಹಾಕುವವರಲ್ಲಿ ನಾವಿಲ್ಲ. ಅದು ಅನ್ನದ ಪ್ರಶ್ನೆ. ಅನ್ನದ ಪ್ರಶ್ನೆಗೆ ಅನ್ನದ ಉತ್ತರವನ್ನೇ ಕೊಡಬೇಕಲ್ಲದೆ ಘೋಷಣೆಯನ್ನಲ್ಲ. ಆದ್ದರಿಂದ ಬಾಯಿಮಾತನ್ನೇ ಬಂಡವಾಳ ಮಾಡಿಕೊಂಡ ಒಂದು ವೃತ್ತಿಯನ್ನು ತೆಗೆದುಕೊಂಡು, ಅದು ಹೇಗೆ ಬೆಳೆಯಿತು, ಅದರಲ್ಲಿ ನಿಂತವರು ಏನನ್ನು ನೆಚ್ಚಿಕೊಂಡಿದ್ದರು, ನಮ್ಮ ಶಾಲೆಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ನಿಮ್ಮ ಮುಂದಿಡುತ್ತೇವೆ.

ಮೊದಲು ಈ ಕೆಲಸದ ಸ್ವರೂಪವನ್ನು ನೋಡೋಣ. ಬಾನುಲಿಯ ಕ್ರೀಡಾ ಪ್ರಸಾರದಲ್ಲಿ ಇಬ್ಬರ ದುಡಿಮೆ ಸೇರಿರುತ್ತದೆ. ಒಬ್ಬರು ಮೈಕಿನ ಮುಂದೆ ಕುಳಿತು ಮಾತಾಡುವವರು. ಇನ್ನೊಬ್ಬರು ಕಾರ್ಯಕ್ರಮ ರೂಪಿಸುವವರು: ಯಾವ ಪಂದ್ಯಕ್ಕೆ ಎಷ್ಟು ಹೊತ್ತು ಕೊಡಬೇಕು, ಯಾರನ್ನು ಕೂರಿಸಬೇಕು, ಮೈದಾನದಿಂದ ನಿಲಯಕ್ಕೆ ಯಾವಾಗ ಮರಳಬೇಕು, ಮಳೆ ಬಂದು ಆಟ ನಿಂತರೆ ಕೇಳುಗರಿಗೆ ಏನನ್ನು ಕೇಳಿಸಬೇಕು ಎಂದು ಗಡಿಯಾರ ನೋಡುತ್ತಾ ತೀರ್ಮಾನಿಸುವವರು. ಮೊದಲನೆಯವರ ದನಿ ನಮಗೆ ಪರಿಚಿತ. ಎರಡನೆಯವರ ಹೆಸರೂ ತಿಳಿಯದು. ಕೆಲವರು ಎರಡೂ ಕೆಲಸಗಳನ್ನು ಮಾಡಿದ್ದಾರೆ.

1927ರ ಜನವರಿ 15ರಂದು ಲಂಡನ್ನಿನ ಟ್ವಿಕನ್‌ಹ್ಯಾಮ್ ಮೈದಾನದಿಂದ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ರಗ್ಬಿ ಪಂದ್ಯವನ್ನು ಬಿಬಿಸಿ ಪ್ರಸಾರ ಮಾಡಿತು. ಅಲ್ಲಿನ ಬಾನುಲಿಗೆ ನೇರ ವೀಕ್ಷಕ ವಿವರಣೆ ಅದೇ ಮೊದಲು. ಮಾತಾಡಿದವರು ಟೆಡ್ಡಿ ವೇಕ್‌ಲ್ಯಾಮ್. ಕಾರ್ಯಕ್ರಮ ರೂಪಿಸಿದವರು ಲ್ಯಾನ್ಸ್ ಸೀವ್‌ಕಿಂಗ್. ಸೀವ್‌ಕಿಂಗ್ ಎರಡು ಉಪಾಯ ಮಾಡಿದರು. ಮೈದಾನದ ನಕ್ಷೆಯನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಅಂಕಿ ಕೊಟ್ಟು, ಅದನ್ನು ಪತ್ರಿಕೆಯಲ್ಲಿ ಮುಂಚಿತವಾಗಿ ಅಚ್ಚು ಹಾಕಿಸಿದರು. ಚೆಂಡು ಎಷ್ಟನೆಯ ಚೌಕದಲ್ಲಿದೆ ಎಂದು ಹೇಳಿದರೆ ಕೇಳುಗ ಮನೆಯಲ್ಲೇ ನಕ್ಷೆಯ ಮೇಲೆ ಬೆರಳಿಟ್ಟು ಆಟವನ್ನು ಹಿಂಬಾಲಿಸಬಹುದಿತ್ತು. ಎರಡನೆಯ ಉಪಾಯ ಇನ್ನೂ ಹಿರಿದು. ವೇಕ್‌ಲ್ಯಾಮ್ ಅವರ ಪಕ್ಕದಲ್ಲಿ ದೃಷ್ಟಿಯಿಲ್ಲದ ಒಬ್ಬ ಆಟಪ್ರಿಯರನ್ನು ಕೂರಿಸಿ, ಅವರಿಗೆ ಅರ್ಥವಾಗುವಂತೆ ಹೇಳುತ್ತಾ ಹೋಗಬೇಕೆಂದು ಸೂಚಿಸಿದರು. ಈ ವೃತ್ತಿಯ ಪಾಠವೆಲ್ಲವೂ ಆ ಒಂದು ಕುರ್ಚಿಯಲ್ಲಿ ಇತ್ತು ಎಂದು ನಮಗನ್ನಿಸುತ್ತದೆ. ಮಾತು ಯಾರಿಗಾಗಿ ಎಂಬುದು ಗೊತ್ತಿದ್ದರೆ ಮಾತು ತಾನಾಗಿ ಸರಳವಾಗುತ್ತದೆ.

ನಮ್ಮ ದೇಶದಲ್ಲಿ ಈ ಕಾಯಕ 1934ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಕ್ವಾಡ್ರ್ಯಾಂಗ್ಯುಲರ್ ಕ್ರಿಕೆಟ್ ಪಂದ್ಯಾವಳಿಯನ್ನು ಎ.ಎಫ್.ಎಸ್. ತಲ್ಯಾರ್‌ಖಾನ್ ಅವರು ಇಂಗ್ಲಿಷಿನಲ್ಲಿ ವಿವರಿಸಿದರು. ದಿನವಿಡೀ ಒಬ್ಬರೇ ಮಾತಾಡುತ್ತಿದ್ದ ಅವರು ಮೈಕನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಲು ಒಪ್ಪುತ್ತಿರಲಿಲ್ಲ. ಮರುವರ್ಷ, 1935ರಲ್ಲಿ, ನಮ್ಮ ಘಾಟಿಯ ಕೆಳಗಿನ ಮೈಸೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕರಾದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟ್ ಸಾಮರ್ಥ್ಯದ ಬಾನುಲಿ ಪ್ರಸಾರ ಆರಂಭಿಸಿದರು. ಹಿಂದೆ ನಮ್ಮ ತರಗತಿಗಳಲ್ಲಿ ಉರಿಯುತ್ತಿದ್ದ ನಲವತ್ತು ವ್ಯಾಟಿನ ಬಲ್ಬಿಗಿಂತ ಕಡಿಮೆ ಶಕ್ತಿ ಅದು. ‘ಆಕಾಶವಾಣಿ’ ಎಂದು ಆ ಕೇಂದ್ರಕ್ಕೆ ಬಂದ ಹೆಸರನ್ನೇ ಮುಂದೆ ಇಡೀ ದೇಶದ ಬಾನುಲಿ ಪಡೆಯಿತು. ಮೇಷ್ಟರೊಬ್ಬರು ಮನೆಯಂಗಳದಿಂದ ಆರಂಭಿಸಿದ್ದು ಎಂಬುದನ್ನು ನಮ್ಮ ಶಿಕ್ಷಕರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ದೂರದರ್ಶನ ಮದ್ರಾಸಿಗೆ ಬಂದದ್ದು 1975ರಲ್ಲಿ, ಬೆಂಗಳೂರಿಗೆ 1981ರಲ್ಲಿ. ಅಲ್ಲಿಯವರೆಗೆ ಈ ಬೆಟ್ಟಗಳಲ್ಲಿದ್ದವರಿಗೆ ಆಟವೆಂದರೆ ಟ್ರಾನ್ಸಿಸ್ಟರಿನೊಳಗಿನ ದನಿಯೇ. 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡ ಬೆಂಗಳೂರಿನಲ್ಲಿ ಬಾಂಬೆಯನ್ನು ತಡೆದು, ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಆ ತಂಡದ ಓಟವನ್ನು ಮುರಿದ ಕತೆ ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಅಂದು ಅದನ್ನು ಕಣ್ಣಾರೆ ಕಂಡವರು ಮೈದಾನದಲ್ಲಿದ್ದವರು ಮಾತ್ರ. ಉಳಿದವರದು ಕೇಳಿದ ನೆನಪು, ಓದಿದ ನೆನಪು. ಆದರೂ ಕಂಡಷ್ಟೇ ಸ್ಪಷ್ಟವಾಗಿ ಹೇಳುತ್ತಾರೆ. ಒಳ್ಳೆಯ ಮಾತಿಗೆ ಅಂಥ ಶಕ್ತಿಯಿದೆ.

ಈ ವೃತ್ತಿಯಲ್ಲಿ ಪೂರ್ಣ ಜೀವನವನ್ನೇ ಕಳೆದ ಒಬ್ಬರ ಹೆಸರನ್ನು ಮಕ್ಕಳು ತಿಳಿದಿರಬೇಕು. ಅವರು ಜಸ್‌ದೇವ್ ಸಿಂಗ್. 1948ರಲ್ಲಿ ಮಹಾತ್ಮ ಗಾಂಧಿಯವರ ಅಂತಿಮ ಯಾತ್ರೆಯನ್ನು ಮೆಲ್ವಿಲ್ ಡಿ ಮೆಲೋ ಅವರು ಆಕಾಶವಾಣಿಯಲ್ಲಿ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ವಿವರಿಸಿದರು. ಅದನ್ನು ಕೇಳಿದ ರಾಜಸ್ಥಾನದ ಆ ತರುಣ, ಇಂಥದೇ ಕೆಲಸವನ್ನು ತಾನು ಹಿಂದಿಯಲ್ಲಿ ಮಾಡಬೇಕೆಂದು ನಿಶ್ಚಯಿಸಿದರು. ಗಮನಿಸಿ, ಅವರಿಗೆ ಮಾದರಿಯಾದದ್ದು ಇಂಗ್ಲಿಷ್ ವಿವರಣೆ; ಅವರು ಆರಿಸಿಕೊಂಡದ್ದು ತಮ್ಮ ಜನರ ಭಾಷೆ. 1955ರಲ್ಲಿ ಜೈಪುರದ ಆಕಾಶವಾಣಿ ಸೇರಿ, ಬಳಿಕ ದೆಹಲಿಗೆ ಹೋದರು. ಮುಂದೆ ಒಂಬತ್ತು ಒಲಿಂಪಿಕ್ಸ್‌ಗಳನ್ನು ಕೇಳುಗರಿಗೆ ತಲುಪಿಸಿದರು. ದಶಕಗಳ ಕಾಲ ಗಣರಾಜ್ಯೋತ್ಸವದ ಪಥಸಂಚಲನಕ್ಕೂ ದನಿಯಾದರು. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2018ರಲ್ಲಿ ತೀರಿಕೊಂಡರು.

1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಹಾಕಿ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಭಾರತ ಪಾಕಿಸ್ತಾನವನ್ನು 2-1ರಿಂದ ಸೋಲಿಸಿತು. ಆ ತಂಡದಲ್ಲಿ ನಮ್ಮ ನೆರೆಯ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು. ಹಾಕಿಯಲ್ಲಿ ಚೆಂಡು ಕಣ್ಣಿಗಿಂತ ಬೇಗ ಓಡುತ್ತದೆ. ಕ್ರಿಕೆಟ್ಟಿನಲ್ಲಿ ಎರಡು ಎಸೆತಗಳ ನಡುವೆ ಉಸಿರಾಡಲು ಬಿಡುವಿದೆ, ಹಾಕಿಯಲ್ಲಿ ಇಲ್ಲ. ಚೆಂಡು ಯಾರಿಂದ ಯಾರಿಗೆ, ಎಡಕ್ಕೋ ಬಲಕ್ಕೋ, ಗೋಲಿಗೆ ಎಷ್ಟು ದೂರ ಎಂಬುದನ್ನು ಓಡುವ ಚೆಂಡಿನ ವೇಗಕ್ಕೇ ಹೇಳಬೇಕು. ಆಟಗಾರನ ಹೆಸರಿಗಾಗಿ ಒಂದು ಗಳಿಗೆ ತಡಕಾಡಿದರೆ ಚೆಂಡು ಆಚೆ ಬದಿಗೆ ಹೋಗಿರುತ್ತದೆ. ಹೀಗೆ ಹೇಳಬೇಕಾದರೆ ಇಪ್ಪತ್ತೆರಡು ಮಂದಿಯ ಮುಖ, ನಡಿಗೆ, ಅಂಗಿಯ ಸಂಖ್ಯೆಗಳನ್ನು ಮೊದಲೇ ಕಂಠಪಾಠ ಮಾಡಿರಬೇಕು. ಜಸ್‌ದೇವ್ ಸಿಂಗ್ ಅವರ ನಿರರ್ಗಳ ಮಾತನ್ನು ದೇಶ ಮೆಚ್ಚಿತು. ಆ ನಿರರ್ಗಳತೆಯ ಹಿಂದಿದ್ದದ್ದು ಮನೆಪಾಠ.

ಹಾಗೆಂದು ಎಲ್ಲರೂ ಅವರಂತೆ ಪೂರ್ಣಕಾಲ ಈ ಕೆಲಸದಲ್ಲಿ ಇರಲಿಲ್ಲ. ಹಿಂದಿ ಕ್ರಿಕೆಟ್ ವಿವರಣೆಗೆ ನೆಲೆ ಒದಗಿಸಿದ ರವಿ ಚತುರ್ವೇದಿಯವರು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಸುಶೀಲ್ ದೋಶಿಯವರು ಎಂಜಿನಿಯರ್. ನರೋತ್ತಮ ಪುರಿಯವರು ಕಿವಿ, ಮೂಗು, ಗಂಟಲಿನ ವೈದ್ಯರು. ಒಂದು ವೃತ್ತಿಯಲ್ಲಿ ಕಾಲೂರಿಕೊಂಡು ಇನ್ನೊಂದನ್ನು ಪ್ರೀತಿಯಿಂದ ಮಾಡಿದವರು ಇವರು. ಪೋಷಕರು ಇದನ್ನೂ ಗಮನಿಸಬೇಕೆಂದು ನಮ್ಮ ವಿನಂತಿ.

ಹೆಣ್ಣುಮಕ್ಕಳಿಗಾಗಿ ಒಂದು ಹೆಸರನ್ನು ಬೇರೆಯಾಗಿ ಹೇಳುತ್ತೇವೆ. ಭಾರತದ ಮೊದಲ ಟೆಸ್ಟ್ ನಾಯಕ ಸಿ.ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು. 1976-77ರ ಋತುವಿನಲ್ಲಿ ಎಂಸಿಸಿ ತಂಡ ಇಂದೋರಿಗೆ ಬಂದು ಬಾಂಬೆ ತಂಡದೊಡನೆ ಆಡಿದಾಗ ಆ ಪಂದ್ಯಕ್ಕೆ ಅವರು ವೀಕ್ಷಕ ವಿವರಣೆ ನೀಡಿದರು. ನಮ್ಮ ದೇಶದ ಮೊದಲ ಮಹಿಳಾ ಕ್ರಿಕೆಟ್ ವಿವರಣೆಕಾರರೆಂದು ಅವರನ್ನು ಗೌರವಿಸಲಾಗುತ್ತದೆ. ಅವರ ನಿತ್ಯದ ಉದ್ಯೋಗ ಅಧ್ಯಾಪನ. ಇಂದೋರಿನ ಸರ್ಕಾರಿ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ತಂದೆಯನ್ನು ಕುರಿತು ಪುಸ್ತಕವನ್ನೂ ಬರೆದರು. ಹೆಂಗಸಿಗೆ ಆಟದ ಮಾತೇಕೆ ಎಂದು ಯಾರಾದರೂ ಕೇಳಿದರೆ, ಪಾಠ ಹೇಳುವ ಹೆಂಗಸೊಬ್ಬರು ಐದು ದಶಕಗಳ ಹಿಂದೆಯೇ ಮೈಕಿನ ಮುಂದೆ ಕುಳಿತಿದ್ದರೆಂದು ಉತ್ತರಿಸಿ.

ಇನ್ನು ದನಿಯ ವಿಷಯ. ನಮ್ಮ ಮಕ್ಕಳು ವೇದಿಕೆ ಹತ್ತಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಅವರ ಮಾತಿನ ಧಾಟಿ. ಹಟ್ಟಿಯಿಂದ ಬರುವ ಮಗುವಿನ ಕನ್ನಡದಲ್ಲಿ ಬಡಗ ಮಾತಿನ ಎಳೆತವಿರುತ್ತದೆ. ಮಸಿನಗುಡಿಯ ಕಡೆಯ ಮಗುವಿನದು ಇನ್ನೊಂದು ಬಗೆ. ಗೂಡಲೂರಿನ ಮಗುವಿನ ಮಾತಿಗೆ ಮಲಯಾಳದ ವೇಗ ಬಂದಿರುತ್ತದೆ. ಕುರುಂಬ, ಇರುಳ ಮನೆಮಾತಿನ ಮಕ್ಕಳೂ ನಮ್ಮಲ್ಲಿದ್ದಾರೆ. “ನನ್ನ ಕನ್ನಡ ಸರಿಯಿಲ್ಲ ಮಿಸ್” ಎಂಬುದು ನಾವು ಅತಿ ಹೆಚ್ಚು ಕೇಳಿದ ವಾಕ್ಯ. ಅವರಿಗೆ ನಾವು ಜಾನ್ ಆರ್ಲಟ್ ಅವರ ಕತೆ ಹೇಳುತ್ತೇವೆ.

ಆರ್ಲಟ್ ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯವರು. ಹತ್ತು ವರ್ಷಕ್ಕೂ ಮಿಗಿಲಾಗಿ ಪೊಲೀಸ್ ಇಲಾಖೆಯಲ್ಲಿದ್ದು, ಕವಿತೆ ಬರೆಯುತ್ತಾ, 1945ರಲ್ಲಿ ಬಿಬಿಸಿಯಲ್ಲಿ ಸಾಹಿತ್ಯ ಕಾರ್ಯಕ್ರಮಗಳ ನಿರ್ಮಾಪಕರಾಗಿ ಸೇರಿದರು. ಅಂದರೆ ಅವರು ಮೊದಲು ಕಾರ್ಯಕ್ರಮ ರೂಪಿಸುವವರು. 1946ರಲ್ಲಿ ಪಟೌಡಿಯ ಹಿರಿಯ ನವಾಬರ ನಾಯಕತ್ವದಲ್ಲಿ ಭಾರತ ತಂಡ ಅಲ್ಲಿಗೆ ಹೋದಾಗ, ಭಾರತದ ಕೇಳುಗರಿಗಾಗಿ ಆ ಪ್ರವಾಸವನ್ನು ವಿವರಿಸುವ ಕೆಲಸ ಅವರ ಪಾಲಿಗೆ ಬಂತು. ಬಿಬಿಸಿಯ ದನಿಯೆಂದರೆ ಮೇಲ್ವರ್ಗದ ನಯವಾದ ಉಚ್ಚಾರಣೆ ಎಂದಿದ್ದ ಕಾಲ ಅದು. ಆರ್ಲಟ್ ಅವರದು ಹಳ್ಳಿಯ ದನಿ. ಮೇಲಿನವರಿಗೂ ಆ ದನಿ ಒರಟೆನಿಸಿತ್ತು. ಆದರೆ ಅದರ ಹಿಂದಿನ ಮನಸ್ಸು ಅವರನ್ನು ಹಿಡಿದು ನಿಲ್ಲಿಸಿತು. ಮುಂದಿನ 34 ವರ್ಷ ಆ ಹಳ್ಳಿಯ ದನಿಯೇ ಕ್ರಿಕೆಟ್ಟಿನ ದನಿಯಾಯಿತು. ಅವರು ಧಾಟಿಯನ್ನು ತಿದ್ದಿಕೊಳ್ಳಲಿಲ್ಲ, ನೋಟವನ್ನು ಹರಿತ ಮಾಡಿಕೊಂಡರು.

ಅವರ ವಿಷಯದಲ್ಲಿ ಇನ್ನೆರಡು ಸಂಗತಿಗಳಿವೆ. 1970ರಲ್ಲಿ, ವರ್ಣಭೇದ ನೀತಿಯಿದ್ದ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಬರಲಿದ್ದಾಗ, ಆ ಪಂದ್ಯಗಳಿಗೆ ತಾವು ಬಾನುಲಿ ವಿವರಣೆ ನೀಡುವುದಿಲ್ಲವೆಂದು ಮುಂಚಿತವಾಗಿ ತಿಳಿಸಿದರು. ಕೊನೆಗೆ ಆ ಪ್ರವಾಸವೇ ರದ್ದಾಯಿತು. ಮಾತನ್ನೇ ನೆಚ್ಚಿ ಬದುಕುವವನು ಮಾತಾಡಲಾರೆ ಎನ್ನುವುದು ಸಣ್ಣ ತ್ಯಾಗವಲ್ಲ. ಎರಡನೆಯದು, 1980ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಪಂದ್ಯ. ಇಂಗ್ಲೆಂಡಿನ ನೆಲದಲ್ಲಿ ಟೆಸ್ಟ್ ಕ್ರಿಕೆಟ್ ಆರಂಭವಾಗಿ ನೂರು ವರ್ಷವಾದ ನೆನಪಿನ ಆಟ ಅದು; ಅವರದೂ ಒಂದು ಶತಮಾನೋತ್ಸವವೇ. ಅದು ಆರ್ಲಟ್ ಅವರ ಕೊನೆಯ ಟೆಸ್ಟ್ ವಿವರಣೆಯಾಗಿತ್ತು. ತಮ್ಮ ಸರದಿ ಮುಗಿದಾಗ ಬೀಳ್ಕೊಡುಗೆಯ ಮಾತೊಂದನ್ನೂ ಆಡದೆ, ಎಂದಿನಂತೆ ಮುಂದೆ ಮಾತಾಡುವವರ ಹೆಸರು ಹೇಳಿ ಮೈಕು ಬಿಟ್ಟೆದ್ದರು. ಸುದ್ದಿ ತಿಳಿದ ಮೈದಾನ ಎದ್ದು ಚಪ್ಪಾಳೆ ತಟ್ಟಿತು; ಆಡುತ್ತಿದ್ದವರೂ ತಟ್ಟಿದರು.

ಈಗ ನಮ್ಮ ಭಾಷೆಗೆ ಬರೋಣ. ಆಟಕ್ಕೂ ಬರಹಕ್ಕೂ ಇರುವ ನಂಟು ನಮ್ಮ ಬೆಟ್ಟಕ್ಕೆ ಹೊಸದಲ್ಲ. ಜಬಲ್ಪುರದಲ್ಲಿ ಹುಟ್ಟಿದ ಸ್ನೂಕರ್ ಆಟದ ನಿಯಮಗಳು ಬರಹದ ರೂಪ ಪಡೆದದ್ದು ಇಲ್ಲಿನ ಊಟಿ ಕ್ಲಬ್ಬಿನಲ್ಲಿ. ಮಾತಿನಲ್ಲಿ ಖಚಿತವಾಗುವವರೆಗೆ ಆಟವೂ ಖಚಿತವಾಗುವುದಿಲ್ಲ. ಕನ್ನಡವೂ ಆಟಗಳಿಗೆ ಮಾತು ಕಟ್ಟಿಕೊಂಡಿದೆ. ದಾಂಡಿಗ, ಶತಕ, ಎಸೆತ, ದಾಳಿ, ಅಂಕ ಮುಂತಾದ ಪದಗಳು ನಮ್ಮ ಮಕ್ಕಳ ಬಾಯಲ್ಲಿ ಸಲೀಸಾಗಿ ಓಡಾಡುತ್ತವೆ. ವಿಕೆಟ್ಟಿಗೆ ‘ಹುದ್ದರಿ’ ಎಂದು ಪತ್ರಿಕೆಗಳು ಬರೆದರೂ ಆಡುವವರು ‘ವಿಕೆಟ್’ ಎಂದೇ ಅನ್ನುತ್ತಾರೆ. ಅದರಿಂದ ಕನ್ನಡಕ್ಕೆ ನಷ್ಟವೇನಿಲ್ಲ. ಕೇಳುಗರಿಗೆ ತಟ್ಟನೆ ಹೊಳೆಯುವ ಪದವೇ ಬಾನುಲಿಗೆ ಸರಿಯಾದ ಪದ.

ಮೈಸೂರಿನ ದಸರಾ ಜಂಬೂಸವಾರಿಯ ವೀಕ್ಷಕ ವಿವರಣೆಯನ್ನು ಆಕಾಶವಾಣಿಯಲ್ಲಿ ಕೇಳುತ್ತಾ ಬೆಳೆದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಆನೆಯ ಹೆಸರು, ಅಂಬಾರಿಯ ಹೊಳಪು, ಸ್ತಬ್ಧಚಿತ್ರಗಳ ಸಾಲು, ಎಲ್ಲವೂ ಕಿವಿಯಿಂದಲೇ ಕಂಡದ್ದು. ನಾವಿರುವ ತಮಿಳುನಾಡಿನಲ್ಲಿ ಸಾತ್ತಾನ್‌ಕುಳಂ ಅಬ್ದುಲ್ ಜಬ್ಬಾರ್ ಅವರಂಥವರು ಶುದ್ಧ ತಮಿಳಿನಲ್ಲಿ ಕ್ರಿಕೆಟ್ಟನ್ನು ವಿವರಿಸಿ, ಇಂಗ್ಲಿಷಿಲ್ಲದೆ ಈ ಆಟವನ್ನು ಹೇಳಲಾಗದೆಂಬ ಭ್ರಮೆಯನ್ನು ಕಳೆದರು. ಕೊಡಗಿನಲ್ಲಿ 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಇಂದು ನೂರಾರು ಕುಟುಂಬಗಳ ಹಬ್ಬವಾಗಿ ಬೆಳೆದಿದೆ. 2018ರ ಕೊನೆಯಲ್ಲಿ ಕನ್ನಡಕ್ಕೇ ಮೀಸಲಾದ ಕ್ರೀಡಾ ವಾಹಿನಿ ಬಂತು. ಭಾರತ ತಂಡಕ್ಕೆ ಆಡಿದ್ದ ವಿಜಯ್ ಭಾರದ್ವಾಜ್ ಅವರಂಥವರು ಕನ್ನಡದಲ್ಲಿ ವಿವರಣೆ ನೀಡುತ್ತಿದ್ದಾರೆ. ನಮ್ಮ ಕಾಲದಲ್ಲಿ ಇಲ್ಲದಿದ್ದ ಕುರ್ಚಿಗಳು ಇವು.

ನಮ್ಮ ಜಿಲ್ಲೆಯಲ್ಲೂ ಕುರ್ಚಿಗಳಿವೆ. ಎಫ್.ಎಂ. ಅಲೆಗಳು ನೇರ ಹಾದಿಯಲ್ಲಿ ಸಾಗುವುದರಿಂದ ಬೆಟ್ಟ ಅಡ್ಡ ಬಂದರೆ ಅಲ್ಲಿಗೇ ನಿಲ್ಲುತ್ತವೆ. ಹೀಗಾಗಿ ದೂರದ ಪಟ್ಟಣಗಳ ನಿಲಯಗಳು ನಮ್ಮ ಕಣಿವೆಗಳಿಗೆ ಸರಿಯಾಗಿ ಸಿಗವು. ಬೆಟ್ಟದವರಿಗೆ ಬೆಟ್ಟದ ಬಾನುಲಿಯೇ ಬೇಕು. ಉದಕಮಂಡಲದ ಆಕಾಶವಾಣಿ ನಿಲಯ ತಮಿಳಿನ ಜೊತೆಗೆ ಬಡಗ ಭಾಷೆಯ ಕಾರ್ಯಕ್ರಮಗಳನ್ನೂ ಬಿತ್ತರಿಸುತ್ತಾ ಬಂದಿದೆ. 1995ರಲ್ಲಿ ಸುಪ್ರೀಂ ಕೋರ್ಟು, ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದು ಒಂದು ಕ್ರಿಕೆಟ್ ಪಂದ್ಯಾವಳಿಯ ಪ್ರಸಾರದ ವಿವಾದದಿಂದ ಎಂಬುದು ಸ್ವಾರಸ್ಯದ ಸಂಗತಿ. 2004ರಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ದೇಶದ ಮೊದಲ ಕ್ಯಾಂಪಸ್ ಸಮುದಾಯ ಬಾನುಲಿಯನ್ನು ಆರಂಭಿಸಿತು. 2006ರಿಂದ ಸ್ವಯಂಸೇವಾ ಸಂಸ್ಥೆಗಳಿಗೂ ಆ ಬಾಗಿಲು ತೆರೆಯಿತು. ಮೈಕು ದೊಡ್ಡ ಊರುಗಳ ಸೊತ್ತಾಗಿ ಉಳಿದಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಶಾಲೆಯ ಒಂದು ಅನುಭವವನ್ನು ಹೇಳದಿದ್ದರೆ ಮಾತು ಪೂರ್ಣವಾಗದು. ಕೆಲವು ವರ್ಷಗಳಿಂದ ಕ್ರೀಡಾ ದಿನದ ವಿವರಣೆಯನ್ನು ಮಕ್ಕಳಿಗೇ ಒಪ್ಪಿಸಿದ್ದೇವೆ. ಒಂದು ವರ್ಷ 1500 ಮೀಟರ್ ಓಟ ಆರಂಭವಾದ ಎರಡು ನಿಮಿಷಕ್ಕೆ ಕಣಿವೆಯಿಂದ ಮಂಜು ಎದ್ದು ಮೈದಾನವನ್ನೇ ಮುಚ್ಚಿತು. ಇಲ್ಲಿ ಕುಳಿತಿದ್ದ ಪೋಷಕರಿಗೆ ಓಟಗಾರರು ಕಾಣಲಿಲ್ಲ, ಪಥದ ಸುಣ್ಣದ ಗೆರೆಯೂ ಕಾಣಲಿಲ್ಲ. ಓಟ ನಿಲ್ಲಿಸುವುದೋ ಬೇಡವೋ ಎಂದು ದೈಹಿಕ ಶಿಕ್ಷಕರು ಯೋಚಿಸುವಷ್ಟರಲ್ಲಿ, ಮೈಕು ಹಿಡಿದಿದ್ದ ಒಂಬತ್ತನೆಯ ತರಗತಿಯ ಹುಡುಗಿ ತಂತಿ ಎಳೆದುಕೊಂಡು ಪಥದ ತಿರುವಿನವರೆಗೆ ನಡೆದುಹೋಗಿ ಅಲ್ಲಿ ನಿಂತಳು. ಮನೆಯಲ್ಲಿ ಬಡಗ ಮಾತಾಡುವ, ತರಗತಿಯಲ್ಲಿ ಎದ್ದು ಉತ್ತರಿಸಲು ಅಳುಕುವ ಹುಡುಗಿ. ತನ್ನೆದುರು ಹಾದುಹೋದ ಒಬ್ಬೊಬ್ಬರ ಹೆಸರನ್ನೂ, ಯಾರು ಮುಂದೆ, ಎಷ್ಟು ಹೆಜ್ಜೆ ಹಿಂದೆ, ಇನ್ನೆಷ್ಟು ಸುತ್ತು ಎಂಬುದನ್ನೂ ಹೇಳುತ್ತಾ ಹೋದಳು. ಬಿಳಿಯ ಮಂಜಿನೊಳಗಿಂದ ಬರುತ್ತಿದ್ದ ಆ ದನಿಯನ್ನು ಕೇಳಿ ತಂದೆತಾಯಂದಿರು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಯವನಾಗಿ ಓಡುತ್ತಿದ್ದವನ ಹೆಸರನ್ನೂ ಅವಳು ಪ್ರತಿ ಸುತ್ತಿನಲ್ಲಿ ಬಿಡದೆ ಹೇಳಿದಳು. ಅವನ ತಾಯಿ ಅಂದು ಮಗನ ಓಟವನ್ನು ನೋಡಲಿಲ್ಲ, ಕೇಳಿದರು.

ಮರುವರ್ಷ ಆ ಹುಡುಗಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋದಳು. ವರ್ಗಾವಣೆ ಪತ್ರಕ್ಕೆ ಸಹಿ ಮಾಡಿದವರು ನಾವೇ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಂಜಿನಲ್ಲಿ ನಿಂತು ಮಾತಾಡಿದ ಧೈರ್ಯವನ್ನು ಯಾವ ಶಾಲೆಯೂ ಅವಳಿಂದ ಕಸಿದುಕೊಳ್ಳದು ಎಂಬ ನಂಬಿಕೆ ನಮಗಿದೆ.

ಮೈಕು ಹಿಡಿಯುವ ಮಕ್ಕಳಿಗೆ ನಾವು ನಾಲ್ಕು ನಿಯಮಗಳನ್ನು ಹೇಳಿಕೊಡುತ್ತೇವೆ. ಮೊದಲನೆಯದು, ಓಟಗಾರರ ಹೆಸರುಗಳನ್ನು ಅವರಿಂದಲೇ ಕೇಳಿ, ಅವರ ಮನೆಯವರು ಕರೆಯುವಂತೆಯೇ ಉಚ್ಚರಿಸಬೇಕು. ಎರಡನೆಯದು, ಆಗಾಗ ಅಂಕಗಳನ್ನು ಹೇಳುತ್ತಿರಬೇಕು. ಈಗತಾನೇ ಬಂದು ಕುಳಿತವರಿಗೂ ಆಟ ಎಲ್ಲಿದೆ ಎಂದು ತಿಳಿಯಬೇಕು. ಅಮೆರಿಕದ ಹೆಸರಾಂತ ಬೇಸ್‌ಬಾಲ್ ವಿವರಣೆಕಾರ ರೆಡ್ ಬಾರ್ಬರ್ ಇದನ್ನು ಮರೆಯದಿರಲೆಂದು, ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳುಗಡಿಯಾರವನ್ನು ಮೈಕಿನ ಬಳಿ ಇಟ್ಟುಕೊಳ್ಳುತ್ತಿದ್ದರು. ಮೂರನೆಯದು, ಬಿದ್ದವರನ್ನು ಕಂಡು ನಗಿಸಬಾರದು. ನಾಲ್ಕನೆಯದು, ಕಂಡದ್ದನ್ನಷ್ಟೇ ಹೇಳಬೇಕು. ತನ್ನ ತಂಡ ಸೋಲುತ್ತಿದ್ದರೂ ಸೋಲುತ್ತಿದೆ ಎನ್ನಬೇಕು. ಈ ನಾಲ್ಕನ್ನು ಕಲಿತ ಮಗು ಮುಂದೆ ವಕೀಲವೃತ್ತಿಗೆ ಹೋಗಲಿ, ದಾದಿಯಾಗಲಿ, ಪೊಲೀಸ್ ಠಾಣೆಯಲ್ಲಿ ಕುಳಿತುಕೊಳ್ಳಲಿ, ಕೆಟ್ಟ ಕೆಲಸಗಾರನಾಗುವುದು ಕಷ್ಟ.

ಪೋಷಕರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇವೆ. ನಿಮ್ಮ ಮಗು ಕ್ರೀಡಾ ವಿವರಣೆಕಾರನಾಗಿಯೇ ತೀರುತ್ತದೆಂದು ನಾವು ಹೇಳುವುದಿಲ್ಲ. ಆ ಕುರ್ಚಿಗಳು ಕಡಿಮೆ. ಅನೇಕ ಕಡೆ ಕೆಲಸವಿದ್ದಷ್ಟು ದಿನ ಮಾತ್ರ ಸಂಭಾವನೆ. ಕನ್ನಡವೊಂದೇ ಸಾಕೆಂದೂ ನಾವು ಹೇಳುವುದಿಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳ ಮೇಲೆ ಹೊರೆ ಹೆಚ್ಚಿತೆಂಬ ಆತಂಕ ನಿಮ್ಮಲ್ಲಿದೆ, ಅದು ಸಹಜ. ಆದರೆ ಮನೆಯಲ್ಲಿ ಬಡಗ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಪುಸ್ತಕದಲ್ಲಿ ಇಂಗ್ಲಿಷ್ ಎಂದು ದಿನಕ್ಕೆ ನಾಲ್ಕು ಭಾಷೆಗಳ ಗಡಿ ದಾಟುವ ಮಗುವಿಗೆ, ಎದುರಿನವರಿಗೆ ಅರ್ಥವಾಗುವಂತೆ ಮಾತನ್ನು ತಿರುಗಿಸುವ ಅಭ್ಯಾಸ ಆಟವಾಡುತ್ತಲೇ ಬಂದುಬಿಡುತ್ತದೆ. ಇಂಗ್ಲಿಷನ್ನು ನಾವು ಚೆನ್ನಾಗಿ ಕಲಿಸುತ್ತೇವೆ, ಕಲಿಸಲೇಬೇಕು. ಕಂಡದ್ದನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಹೇಳಬಲ್ಲ ಮಗು ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳಲು ಬೇಗ ಕಲಿಯುತ್ತದೆ. ತನ್ನ ಮಾತಿನಲ್ಲೇ ತಡವರಿಸುವ ಮಗುವಿಗೆ ಎರಡನೆಯ ಭಾಷೆ ಉರು ಹೊಡೆಯುವ ಪಾಠವಾಗಿ ಉಳಿಯುತ್ತದೆ. ಮೂರು ದಶಕಗಳ ಬೋಧನೆಯಲ್ಲಿ ನಾವು ಕಂಡುಕೊಂಡ ಸತ್ಯ ಇದು.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಪ್ರಸ್ತಾಪವಿದೆ. ಅದರ ಜೊತೆಗೆ ಒಂದು ಸಣ್ಣ ಕೊಠಡಿಯನ್ನು ಮಕ್ಕಳ ದನಿಗಾಗಿ ಮೀಸಲಿಡೋಣ. ಒಂದು ಮೈಕು, ಒಂದು ಧ್ವನಿಮುದ್ರಣ ಯಂತ್ರ, ಗೋಡೆಗೊಂದು ಗಡಿಯಾರ ಇದ್ದರೆ ಸಾಕು. ಪ್ರತಿ ಶನಿವಾರ ಪ್ರಾರ್ಥನೆಯ ನಂತರ ಹದಿನೈದು ನಿಮಿಷ ‘ಶಾಲಾ ಬಾನುಲಿ’ ನಡೆಯಲಿ. ವಾರದ ಆಟಗಳ ವರದಿಯನ್ನು ಮಕ್ಕಳೇ ಓದಲಿ. ಗಡಿಯಾರ ನೋಡಿ ಯಾರಿಗೆ ಎಷ್ಟು ನಿಮಿಷ ಎಂದು ನಿರ್ಧರಿಸುವ ಕೆಲಸವನ್ನೂ ಒಂದು ಮಗುವಿಗೇ ವಹಿಸೋಣ; ಮಾತಾಡುವವರಷ್ಟೇ ಸಮಯ ಹಂಚುವವರೂ ನಮಗೆ ಬೇಕು. ಇಂದು ಊಟದ ನಂತರ ಹತ್ತನೆಯ ತರಗತಿಯ ಕೊಠಡಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಮೊಬೈಲಿನಲ್ಲಿ ಧ್ವನಿಮುದ್ರಣಕ್ಕೆ ಸಿದ್ಧರಾಗಿರುತ್ತಾರೆ. ನಿಮ್ಮ ಕಾಲದ ಕಬಡ್ಡಿ, ಬರಿಗಾಲಿನ ಓಟ, ಮಳೆಯಲ್ಲಿ ಕೆಸರಾದ ಫುಟ್‌ಬಾಲ್ ಪಂದ್ಯಗಳ ನೆನಪನ್ನು ಐದೈದು ನಿಮಿಷ ಹೇಳಿಹೋಗಿ. ಆ ಆಟಗಳ ಚಿತ್ರಗಳು ನಮ್ಮಲ್ಲಿಲ್ಲ. ನೀವು ಹೇಳಿದರೆ ಮಾತ್ರ ಅವು ಉಳಿಯುತ್ತವೆ.

 ಮಕ್ಕಳೇ, ರಿಲೇ ಓಟಕ್ಕೆ ಸಿದ್ಧರಾಗಿ; ಮೈಕು ಈಗ ನಿಮ್ಮದು.